ನಡೆಯುವ ಹಿಂಡಿಗೊಂದು ಸೂಚಿ

ಜೋಳದ ರೊಟ್ಟಿಯ ಬುತ್ತಿ ಹೊತ್ತು ಹೊರಟ ಹೆಂಗಸಿಗೆ, ಅದನ್ನು ಉಣ್ಣಬೇಕಾದವನು ಎಲ್ಲಿದ್ದಾನೆಂದು ತಿಳಿದಿರುತ್ತದೆ. ಕಂಪ್ಯೂಟರ್ ಹಿಡಿದು ಹೊರಟ ನನಗೆ ತಿಳಿದಿರಲಿಲ್ಲ.

ಲಿಂಗಸುಗೂರಿನಲ್ಲಿ ಕುರಿಗಾರರಿಗೆ ನೆರವಾಗುವ ಸಂಸ್ಥೆಯೊಂದರ ಕಂಪ್ಯೂಟರ್ ಕೆಲಸ ನನ್ನದು. ಪ್ರತಿ ಹಿಂಡಿನ ಮುಂದಾಳು ಟಗರಿನ ಕೊರಳಿಗೆ ಪುಟ್ಟ ಯಂತ್ರ ಕಟ್ಟಿದ್ದೆವು. ಅದು ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ತಿಳಿಸುತ್ತಿತ್ತು. ಬೇಕಾದ ಹಿಂಡು ಥಟ್ಟನೆ ಸಿಗಲೆಂದು, ಪುಸ್ತಕದ ಕೊನೆಯಲ್ಲಿರುವಂಥದೇ ಒಂದು ಸೂಚಿ ಮಾಡಿದ್ದೆ. ಆದರೆ ಗೆಳೆಯರೇ, ಪುಸ್ತಕದ ಪದಗಳು ತಂತಮ್ಮ ಪುಟದಲ್ಲಿ ಕೂತಿರುತ್ತವೆ. ನನ್ನ ಪದಗಳಿಗೆ ನಾಲ್ಕು ಕಾಲು. ಅವು ಹೆಜ್ಜೆಯಿಟ್ಟಾಗಲೆಲ್ಲ ಸೂಚಿಯನ್ನು ಅಳಿಸಿ ಬರೆಯುವುದರಲ್ಲೇ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಒಂದು ಬೆಳಿಗ್ಗೆ ಕುರಿಗಾರ ಮಲ್ಲಪ್ಪ ಫೋನ್ ಮಾಡಿದ. "ಮರಿ ಹೊಟ್ಟಿ ಉಬ್ಬೇತ್ರಿ. ಹೆಗಲ ಮ್ಯಾಲ ಹಾಕ್ಕೊಂಡು ಹಿಂಡಿನ ಜೋಡಿ ನಡದೀನಿ, ಲಗೂನ ಬರ್ರಿ." ಎಲ್ಲಿಗೆಂದು ಕೇಳುವಷ್ಟರಲ್ಲಿ ಅವನ ಫೋನ್ ಆರಿಹೋಯಿತು. ಪಶುವೈದ್ಯೆ ಸವಿತಾ ಜೀಪು ಓಡಿಸಿದರು. ನಾನು ಪರದೆ ನೋಡಿ ದಾರಿ ಹೇಳಿದೆ. ಮಸ್ಕಿ ಹಳ್ಳದ ದಂಡೆಯಲ್ಲಿ ಸಿಕ್ಕಿದ್ದು ಬರೀ ಹಿಕ್ಕೆ. ಸೂಚಿ ಬರೆಯುವುದರಲ್ಲಿ ಕಂಪ್ಯೂಟರ್ ಹಿಂದೆ ಬಿದ್ದಿತ್ತು; ಪರದೆಯ ಮೇಲಿದ್ದದ್ದು ಒಂದು ಗಂಟೆ ಹಿಂದಿನ ಸುದ್ದಿ. "ಉಬ್ಬರ ಕಾಯೂದಿಲ್ರಿ," ಎಂದರು ಸವಿತಾ.

ಅಷ್ಟರಲ್ಲಿ ಬುತ್ತಿ ಹೊತ್ತು ಬಂದವಳು ಮಲ್ಲಪ್ಪನ ಹೆಂಡತಿ ಗಂಗಮ್ಮ. ಅವನು ಎಲ್ಲಿದ್ದಾನೆಂದು ಕೇಳಿದೆ.

"ಎಲ್ಲಿ ಅದಾನ ಅಂತ ಯಾಕ ಕೇಳ್ತೀರಿ? ಯಾವ ಕಡೆ ಹೊಂಟಾನ ಅಂತ ಕೇಳ್ರಿ. ಹೊತ್ತು ಹುಟ್ಟಿದಾಗ ಇಲ್ಲಿದ್ದ, ಲಿಂಗಸುಗೂರು ಕಡೆ ಮುಖ ಮಾಡ್ಯಾನ. ಕುರಿ ನಡಿಗಿ ನಮಗೇನು ಹೊಸಾದಲ್ಲ. ಈಗ ಬೇವಿನ ಗಿಡದ ಬಾವಿ ಹತ್ರ ಇರ್ತಾನ. ಹಾದಿ ಬದಲಿಸಿದ್ರ ಹೇಳಿ ಕಳಸ್ತಿದ್ದ."

ಆಕೆಯನ್ನು ಜೀಪಿಗೆ ಹತ್ತಿಸಿಕೊಂಡೆವು. ಮಲ್ಲಪ್ಪ ಬಾವಿಯ ಬಳಿಯೇ ಇದ್ದ. ಸವಿತಾ ಮರಿಯ ಗಂಟಲಿಗೆ ನಳಿಗೆ ಇಳಿಸಿ ಎಣ್ಣೆ ಹಾಕಿದರು. ಸ್ವಲ್ಪ ಹೊತ್ತಿಗೆ ಅದು ಮದುವೆಯೂಟ ಮುಗಿಸಿದ ಬೀಗರಂತೆ ದೀರ್ಘವಾಗಿ ತೇಗಿತು. ಎಲ್ಲರೂ ನಕ್ಕೆವು, ಗಂಗಮ್ಮ ನಮಗೂ ರೊಟ್ಟಿ ಕೊಟ್ಟಳು.

ಮರುದಿನದಿಂದಲೇ ಸೂಚಿಯನ್ನು ಹೊಸದಾಗಿ ಕಟ್ಟಲು ಕುಳಿತೆ. ಈಗ ಅದರಲ್ಲಿ ಹೊರಟ ಜಾಗ, ಹೊತ್ತು, ದಿಕ್ಕು, ವೇಗ ಇವಿಷ್ಟೇ. ಉಳಿದದ್ದು ಕೇಳಿದಾಗ ಹಾಕುವ ಲೆಕ್ಕ. ಹಾದಿ ಬದಲಾದರಷ್ಟೇ ತಿದ್ದುವುದು. ಹೊತ್ತು ಕಳೆದಂತೆ ಅಂದಾಜು ಸಡಿಲವಾಗುತ್ತದೆ, ಆಗ ಮತ್ತೆ ವಿಚಾರಿಸಬೇಕು. ನೆಂಟರಿಷ್ಟರ ವಿಷಯದಲ್ಲೂ ಇದೇ ಅಲ್ಲವೇ? ಇರುವ ಜಾಗವನ್ನಷ್ಟೇ ಬಲ್ಲವರು ಪರಿಚಿತರು, ಹೊರಟ ದಿಕ್ಕನ್ನೂ ಬಲ್ಲವರು ನಮ್ಮವರು.

ಸುಗ್ಗಿ ಮುಗಿದು ಹಿಂಡುಗಳು ಸಿಂಧನೂರಿನ ಕೊಯ್ದ ಗದ್ದೆಗಳಿಗೆ ಇಳಿದಾಗ, ಲಸಿಕೆ ಹಿಡಿದ ಸವಿತಾ ಮತ್ತು ನಾನು ಕಾಲುವೆಯ ದಂಡೆಯಲ್ಲಿ ಮೊದಲೇ ಕಾದಿದ್ದೆವು. ಮಲ್ಲಪ್ಪ ಬೆರಗಾಗಿ ನಿಂತ.

"ನಾ ಇಲ್ಲಿಗೆ ಬರ್ತೀನಿ ಅಂತ ಯಾರು ಹೇಳಿದ್ರು?"

"ನಿಮ್ಮ ಮನಿಯವ್ರು ಕಲಿಸಿದ ಲೆಕ್ಕ," ಎಂದೆ.

"ಹಂಗಾದ್ರ ತಪ್ಪಂಗಿಲ್ಲ ಬಿಡ್ರಿ," ಎನ್ನುತ್ತ ಅವನು ತೋಳೇರಿಸಿ ಮೊದಲ ಕುರಿಯನ್ನು ಹಿಡಿದುಕೊಂಡ.