ಮದಾರಸಾಬ ಹೇಳದ ನಂಬರು

ಗಾದಿಯ ಹೊಲಿಗೆ ಬಿಚ್ಚಿದ್ದೇ ತಡ, ನಾನು ಬಿಟ್ಟೆನೆಂದು ಹೆಂಡತಿಗೆ ಆಣೆ ಮಾಡಿ ಹೇಳಿದ್ದ ಬೀಡಿಯ ಕಟ್ಟು ಹತ್ತಿಯೊಳಗಿಂದ ಅಂಗಳಕ್ಕೆ ಉರುಳಿತು. ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. ಎದುರು ಮನೆಯ ಗುರುಲಿಂಗಮ್ಮನೂ ಆಗಲೇ ಕಸ ಹೊಡೆಯಲು ಬರಬೇಕೆ!

"ಯಾರ ಬೀಡಿ ಇವು?" ಎಂದಳು ಹೆಂಡತಿ. ನಗೆಬರಹ ಬರೆದು ಊರಿಗೆಲ್ಲ ಬುದ್ಧಿ ಹೇಳುವ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

"ಹಳೇ ಗಾದಿ ಅಂದ್ರ ಏನೇನೋ ಇರ್ತಾವು ಬಿಡ್ರಿ ಅಕ್ಕಾರ," ಎಂದ ಮದಾರಸಾಬ, ತಲೆ ಎತ್ತದೆ.

ಯಲಬುರ್ಗಾದಿಂದ ಹೊರಟು ಊರೂರು ತಿರುಗಿ, ಹಳೆಯ ಗಾದಿಯ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಕಸುಬು. ಗಾದಿಯೊಳಗೆ ಜನ ಏನೆಲ್ಲ ಬಚ್ಚಿಡುತ್ತಾರೆ! ಬಂಗಾರದ ಗುಂಡು, ಯಾರದೋ ಫೋಟೊ, ಅತ್ತೆಗೆ ಕಾಣದಂತೆ ಬೆಲ್ಲ. ಸಿಕ್ಕದ್ದನ್ನು ಇಟ್ಟವರ ಕೈಗೇ ಕೊಡಬೇಕು, ಮೂರನೆಯವರಿಗೆ ಬಾಯಿ ಬಿಡಬಾರದು. ಅವನಪ್ಪ ಕಸುಬಿನ ಜೊತೆಗೇ ಕಲಿಸಿದ್ದು ಇದು. ಹೇಳದೆ ಇರುವುದರಲ್ಲಿ ಮದಾರಸಾಬನನ್ನು ಮೀರಿಸಿದವರಿಲ್ಲ. ಅದೇ ಮುಳುವಾಯಿತು.

ಹೋದ ವರ್ಷ ಅವನ ಮಗಳು ಮುಬಾಶಿರಾ ಹತ್ತನೆಯ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾದಳು. ಮುಂದೇನು ಓದಬಹುದೆಂದು ಮಕ್ಕಳಿಗೆ ತೋರಿಸುವ ವೆಬ್‌ಸೈಟ್ ಒಂದಿದೆ ಎಂದು ಶಾಲೆಯಲ್ಲಿ ಹೇಳಿದ್ದರು. ಊರವರ ಅರ್ಜಿ ತುಂಬಿಕೊಡುವ ಮಾಜೀದನ ಆನ್‌ಲೈನ್ ಅಂಗಡಿಯಲ್ಲಿ ಕೂತು ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ರಕ್ತ ತಪಾಸಣೆ ಮಾಡುವುದಕ್ಕೂ ಒಂದು ಓದಿದೆ, ಅದನ್ನು ತನ್ನಂಥವರೂ ಓದಬಹುದು ಎಂದು ಆಕೆಗೆ ಗೊತ್ತಾದದ್ದು ಅಲ್ಲಿಯೇ. ಕೊಪ್ಪಳದಲ್ಲಿ ಆ ಓದಿಗೆ ಫೀಸು, ಹಾಸ್ಟೆಲ್ಲು ಎರಡನ್ನೂ ನೋಡಿಕೊಳ್ಳುವ ಟ್ರಸ್ಟೊಂದರ ಅರ್ಜಿಯೂ ಅದರಲ್ಲಿತ್ತು. ಅದು ಸಿಗದಿದ್ದರೆ ಕೊಪ್ಪಳ ಮದಾರಸಾಬನ ಕೈಗೆ ನಿಲುಕುವಂಥದ್ದಲ್ಲ. ಅರ್ಜಿಗೆ ಅಂದೇ ಕಡೆಯ ದಿನ.

ಎಲ್ಲ ತುಂಬಿಯಾಯಿತು. ಕೊನೆಗೆ ಓಟಿಪಿ ಬೇಕು. ಮನೆಗೆಲ್ಲ ಇದ್ದದ್ದು ಒಂದೇ ಫೋನು. ಅದು ದೂರದ ಹುಲಿಹೈದರ ಹಳ್ಳಿಯಲ್ಲಿ ಹತ್ತಿ ಹಿಂಜುತ್ತಿದ್ದ ಮದಾರಸಾಬನ ಜೇಬಿನಲ್ಲಿ.

ಮಾಜೀದ ಫೋನ್ ಮಾಡಿದ. "ಚಾಚಾ, ಮೆಸೇಜಿನ್ಯಾಗ ಒಂದು ನಂಬರ್ ಬಂದೈತಿ ನೋಡ್ರಿ. ಹೇಳ್ರಿ."

ಹಿಂದಿನ ತಿಂಗಳಷ್ಟೇ ಮದಾರಸಾಬನ ತಂಗಿ ಬಾನುಬೀ ಹೀಗೆಯೇ ಯಾರಿಗೋ ನಂಬರು ಹೇಳಿ, ಹೊಲಿಗೆ ಮಷಿನ್ನಿಗೆಂದು ಕೂಡಿಟ್ಟದ್ದನ್ನು ಕಳೆದುಕೊಂಡಿದ್ದಳು. ಯಾರು ಕೇಳಿದರೂ ಹೇಳಬೇಡಿ ಎಂದು ಬ್ಯಾಂಕಿನವರೂ ಸಾರಿದ್ದರು.

"ನೀ ಯಾರರ ಇರಪಾ, ಹೇಳಂಗಿಲ್ಲ."

ಮುಬಾಶಿರಾ ಫೋನು ಕಸಿದುಕೊಂಡಳು. "ಅಪ್ಪಾ, ನಾನು! ಲಗೂನ ಹೇಳು, ಟೈಮ್ ಮುಗೀತೈತಿ."

"ಅಲೆಲೆ! ನನ್ನ ಮಗಳ ದನಿ ತಗಿಯೂದೂ ಕಲ್ತೀರೇನು?"

ಹುಡುಗಿ ಅಳತೊಡಗಿದಳು.

"ಥೇಟ್ ಆಕೀ ಹಂಗ ಅಳ್ತೀಯವಾ," ಎಂದು ಮೆಚ್ಚಿಕೊಂಡೇ ಮದಾರಸಾಬ ಫೋನ್ ಬಂದ್ ಮಾಡಿದ.

ಸಂಜೆ ಬಸ್ಸಿಳಿದು ಬಂದವನ ಮುಖದಲ್ಲಿ ಗೆಲುವೋ ಗೆಲುವು. "ಇವತ್ತ ಕಳ್ಳರು ಫೋನ್ ಮಾಡಿದ್ರು. ನಾ ಏನು ಬಾನುಬೀ ಏನು? ಬಾಯಿ ಬಿಡಲಿಲ್ಲ." ಮುಬಾಶಿರಾ ಅವನಿಗೆ ರೊಟ್ಟಿ ಬಡಿಸಿದಳು. ಆ ಕಳ್ಳ ತಾನೇ ಎಂದು ಮರುದಿನ ಮಾಜೀದ ಹೇಳಬೇಕಾಯಿತು. ಟ್ರಸ್ಟಿನವರನ್ನು ಕೇಳಿದರೆ, ಬರುವ ವರ್ಷ ನೋಡೋಣ ಎಂದರು. ಈ ವರ್ಷ ನೋಡಿದರೆ ಆ ಅರ್ಜಿಯೇ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿದವನೂ ಮಾಜೀದನೇ. ಮದಾರಸಾಬ ಹೇಳುವವನಲ್ಲ.

ಈಗ ನಮ್ಮ ಅಂಗಳದ ಮೂಲೆಯಲ್ಲಿ ಮುಬಾಶಿರಾ ಮೂಗಿಗೆ ಓಢಣಿ ಕಟ್ಟಿಕೊಂಡು, ಕೋಲು ಹಿಡಿದು ನನ್ನ ಗಾದಿಯ ಹತ್ತಿ ಬಡಿಯುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಬಿಳಿ ಧೂಳು. ಹೆಂಡತಿ ಒಳಗೆ ಹೋದ ಮೇಲೆ ನಾನು ದನಿ ತಗ್ಗಿಸಿ ಕೇಳಿದೆ.

"ಮದಾರಸಾಬ, ಮಗಳು ನಿನ್ನ ಮ್ಯಾಲೆ ಸಿಟ್ಟಾಗ್ಯಾಳೇನಪಾ?"

ಅವನು ಸೂಜಿಗೆ ದಾರ ಪೋಣಿಸಿ, ತುದಿಯನ್ನು ಹಲ್ಲಿನಿಂದ ಕಡಿದ.

"ಏನೂ ಅಂದಿಲ್ರಿ. ಹತ್ತಿ ಮಾತ್ರ ಭಾಳ ಛಲೋ ಬಡೀತಾಳ."