ಪೈಪಿಗೆ ಕಿವಿ ಕೊಟ್ಟ ಮಲ್ಕಪ್ಪ ಕಾಕಾ

ಮಲ್ಕಪ್ಪ ಕಾಕಾರ ಚೀಲದಲ್ಲಿ ಪಾನಾ, ಗರಗಸ, ಸೊಲ್ಯೂಶನ್ ಡಬ್ಬಿಗಳ ನಡುವೆ ಒಂದು ಸ್ಟೀಲ್ ಗ್ಲಾಸು ಇರುತ್ತಿತ್ತು. ಅದರಲ್ಲಿ ಅವರು ಚಹಾ ಕುಡಿದದ್ದನ್ನು ಯಾರೂ ಕಂಡಿಲ್ಲ. ಗ್ಲಾಸಿನ ಬಾಯಿ ಪೈಪಿಗೆ, ತಳ ತಮ್ಮ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕೂತರೆ ಮುಗಿಯಿತು. ಮೇಲೆ ಕಾಗೆ ಕೂತರೂ ಏಳುವವರಲ್ಲ. ಆಮೇಲೆ ಎದ್ದು ಕೈ ಚಾಚಿ, "ಅಕಾ ಅಲ್ಲಿ, ಆ ಜಾಲಿಗಿಡದ ಹಂತೇಲಿ ಗಾಳಿ ಕುಂತದ" ಅನ್ನುತ್ತಿದ್ದರು. ಹೋಗಿ ನೋಡಿದರೆ ಗಾಳಿ ಅಲ್ಲೇ, ನೀರಿಗೆ ಅಡ್ಡ ಕೂತಿರುತ್ತಿತ್ತು.

ಅಫಜಲಪುರದ ಈ ಫಿಟ್ಟರು ನಮ್ಮ ಮೂರು ತಾಲೂಕಿನ ಹೊಲಗಳಿಗೆಲ್ಲ ಪೈಪು ಹಾಸಿದವರು. ವರ್ಷಗಟ್ಟಲೆ ಕಿವಿ ಕೊಟ್ಟು ಕೊಟ್ಟು ಅವರ ಕುತ್ತಿಗೆ ಎಡಕ್ಕೆ ವಾಲಿ ನಿಂತಿತ್ತು. ಕಂಡವರನ್ನೆಲ್ಲ ಅಣಕಿಸುವ ನನಗೆ ಅದೊಂದೇ ಸಾಕಿತ್ತು. ಕುತ್ತಿಗೆ ವಾಲಿಸಿ, ಮೂಗಿನಿಂದ ದನಿ ತೆಗೆದು, ಅವರ ಪಾಠವನ್ನು ಆಳಂದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಪ್ಪಿಸುತ್ತಿದ್ದೆ:

"ಪೈಪ ಅಂದ್ರ ಬಸ್ ಇದ್ದಂಗ ತಮ್ಮಾ. ನೀರು ಕುಂತ ಮಂದಿ, ಗಾಳಿ ನಿಂತ ಮಂದಿ. ಬಸ್ ಸಾವಕಾಶ ಹೊಂಟ್ರ ಅವರವರ ಜಾಗಾದಾಗ ಅವರು. ಜೋರ್ ಹೊಂಟ್ರ ನಿಂತವರು ಕುಂತವರ ಮ್ಯಾಲ ಬೀಳ್ತಾರ. ನೀರು ಎದ್ದು ದಾರಿ ಕಟ್ತು, ಗಾಳಿ ಹಿಂದಿಂದ ನೂಕ್ತು, ಗುಳುಗುಳು, ಗುಳುಗುಳು, ಧಡ್!"

ಒಂದು ದಿನ 'ಧಡ್' ಅಂದಾಗ ಯಾರೂ ನಗಲಿಲ್ಲ. ತಿರುಗಿದರೆ ಹಿಂದೆ ಕಾಕಾ.

"ನನ್ನ ದನಿ ಬರೋಬರಿ ತೆಗದಿ" ಅಂದರು. "ಗುದ್ದು ತಪ್ಪು. ಗುದ್ದೋದಕ್ಕಿಂತ ಮುಂಚೆ ಪೈಪು ಜರಾ ಸುಮ್ಕಾಗ್ತದ. ನಿನಗ ಆ ಸುಮ್ಕಿರೋದು ಒಂದು ಬರಂಗಿಲ್ಲ ನೋಡು, ಸಿದ್ಯಾ."

ಇದನ್ನೇ ಅವ್ವ ನಾನು ಹುಟ್ಟಿದಾಗಿನಿಂದ ಹೇಳುತ್ತಿದ್ದಳು. ಕಾಕಾ ಮಾತ್ರ ಚಹಾ ತರಿಸಿ, ನನ್ನಿಂದ ಮೂರು ಸಲ ಗುದ್ದಿಸಿ, ತಿದ್ದಿದರು.

ಹೋದ ವರ್ಷ ಸರಸಂಬಾದ ನಮ್ಮ ಹೊಲದಲ್ಲಿ ಅವ್ವ ಪಪ್ಪಾಯಿ ಹಚ್ಚುತ್ತೇನೆಂದು ಹಟ ಹಿಡಿದಳು. "ತೊಗರಿ ಬಿಟ್ಟು ಇದೇನು ಹೊಸ ಹುಚ್ಚು?" ಎಂದ ಅಪ್ಪ. ಹಳ್ಳದ ಬಾವಿಯಿಂದ ದಿಬ್ಬ ಹತ್ತಿಸಿ ಆಚೆ ಹೊಲಕ್ಕೆ ಇಳಿಸಿ, ಬದುವಿನ ಮೇಲೆ ಕರಿ ಪೈಪು ಎಳೆದವನು ನಾನೇ. ಕಾಕಾ ಕಾಲು ಮುರಿದುಕೊಂಡು ಜೇವರ್ಗಿಯ ಮಗಳ ಮನೆ ಸೇರಿದ್ದರು. ನನಗೇನು, ಅವರ ದನಿ ಬರುತ್ತದೆಂದರೆ ಅವರ ಕೆಲಸವೂ ಬರುತ್ತದೆ ಎಂದುಕೊಂಡಿದ್ದೆ.

ಸಸಿ ಹಚ್ಚಿದ ಮರುದಿನ ಮೋಟಾರು ಚಾಲೂ ಮಾಡಿದರೆ ಹೊಲದ ತುದಿಯಲ್ಲಿ ನೀರು ಕೆಮ್ಮಿತು, ಉಗುಳಿತು, ನೂಲಿನಷ್ಟಾಯಿತು. ಬಿಸಿಲು ಏರುತ್ತಿತ್ತು. ಸಸಿಗಳು ಆಗಲೇ ತಲೆ ಬಾಗಿಸಿದ್ದವು. ಅಪ್ಪ ತೊಗರಿ ಬೀಜದ ಚೀಲ ಎಲ್ಲಿದೆ ಎಂದಷ್ಟೇ ಕೇಳಿದ. ಅವ್ವ ತಂಬಿಗೆ ಹಿಡಿದು ಒಂದೊಂದೇ ಸಸಿಗೆ ನೀರು ಹಾಕತೊಡಗಿದಳು. ಸಾವಿರ ಸಸಿ, ಒಂದು ತಂಬಿಗೆ.

ಕಾಕಾರಿಗೆ ಫೋನ್ ಹಚ್ಚಿ, ಅದನ್ನೇ ಪೈಪಿನ ಮೇಲಿಟ್ಟೆ.

"ಏನೂ ಕೇಳವಲ್ದು" ಅಂದರು. "ಈ ಫೋನು ಮಂದಿ ಮಾತು ತಗೋತದ, ಪೈಪಿನ ಮಾತು ಗದ್ದಲಂತ ಬಿಡ್ತದ. ಮನ್ಯಾಗ ಗ್ಲಾಸ್ ಅದಲ್ಲ? ನೀ ಕೇಳು, ಕೇಳಿದ್ದು ಮಾಡಿ ತೋರ್ಸು."

ಬಾವಿಯ ಹತ್ತಿರದ ಮೊದಲ ತಿರುವಿಗೆ ಗ್ಲಾಸು ಹಚ್ಚಿದೆ. ಒಳಗೆ ಸಣ್ಣಗೆ ಗುಳುಗುಳು. ನಾನೋ, ಸಣ್ಣದನ್ನು ಸಣ್ಣದಾಗಿ ಮಾಡಿದವನೇ ಅಲ್ಲ. ಗಂಟಲು ಸರಿಮಾಡಿಕೊಂಡು ಗುಳುಗುಳಿಸಿ, ಕೊನೆಗೆ ಒಂದು ಜಬರ್ದಸ್ತ್ ಗುದ್ದು ಸೇರಿಸಿದೆ.

"ಹಂಗಾದ್ರ ಬಾವ್ಯಾಗ ಫುಟ್ ವಾಲು ಗಾಳಿ ಎಳ್ಯಾಕತ್ತದ. ಬಿಚ್ಚು."

ಮೋಟಾರು ನಿಲ್ಲಿಸಿ, ಅಪ್ಪನೂ ನಾನೂ ಬಾವಿಗಿಳಿದು, ಬುಡದ ವಾಲು ಬಿಚ್ಚಿ ನೋಡಿದರೆ ಎಲ್ಲ ಸರಿ ಇತ್ತು. ಮತ್ತೆ ಜೋಡಿಸಿ ಮೋಟಾರು ಚಾಲೂ ಮಾಡುವಷ್ಟರಲ್ಲಿ ಎರಡು ತಾಸು ಹೋಯಿತು; ನೀರು ಮಾತ್ರ ನೂಲಿನಷ್ಟೇ. ಮತ್ತೆ ಫೋನು. ಕಾಕಾ ಕೇಳಿದರು:

"ಸಿದ್ಯಾ, ಆ ಗುದ್ದು ಪೈಪಿಂದೋ, ನಿಂದೋ?"

ಅಪ್ಪ ಪಕ್ಕದಲ್ಲೇ ನಿಂತಿದ್ದ. "ನಂದ್ರಿ ಕಾಕಾ" ಅಂದೆ.

"ನಿಮ್ಮವ್ವ ತಂಬಿಗಿ ಹಿಡದಾಳ, ನೀ ನಾಟಕ ಹಿಡದಿಯಲ್ಲೋ! ಇದ್ದಷ್ಟ ಮಾಡು. ಒಂದು ದಾಣಾ ಹೆಚ್ಚ್ ಹಾಕಬ್ಯಾಡ."

ಪೈಪಿನ ಗುಂಟ ನಡೆದೆ. ಹತ್ತು ಹೆಜ್ಜೆಗೊಮ್ಮೆ ಕೂತು, ಕೇಳಿ, ಕೇಳಿದಷ್ಟನ್ನೇ ಮಾಡಿದೆ. ಅಷ್ಟು ಕಷ್ಟದ ಮಿಮಿಕ್ರಿ ನಾನು ಜನ್ಮದಲ್ಲಿ ಮಾಡಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ಗ್ಲಾಸು ಹಚ್ಚಿದರೆ ಸದ್ದೇ ಇಲ್ಲ. ಉಸಿರು ಹಿಡಿದೆ. ಬಲು ಕೆಳಗೆ, ಪೈಪಿನ ತಳದಲ್ಲಿ, ಯಾರೋ ಚಾದರ ಎಳೆದುಕೊಂಡ ಹಾಗೆ ನೀರು ಸರಿಯುತ್ತಿತ್ತು. ನಾಲಿಗೆ ತುದಿಯಿಂದ ಅಷ್ಟನ್ನೇ ಹೇಳಿದೆ: "ಸ್ಸ್..."

"ಸಿಕ್ತು!" ಕಾಕಾ ಕೂಗಿದರು. "ಗಾಳಿ ನೆತ್ತಿ ಮ್ಯಾಲ ಪೂರಾ ಸೀಟ್ ಹಿಡದು ಮಲಗ್ಯಾದ. ನೀರು ಅದರ ಕೆಳಗ ನುಸುಳಾಕತ್ತದ. ಇಳಿಯಾಕ ಬಾಗಿಲಾ ಇಲ್ಲ, ಪಾಪ ಗಾಳಿ ಏನ್ ಮಾಡ್ಬೇಕು? ಮೊಳೆ ಕಾಸಿ ಪೈಪಿನ ನೆತ್ತಿಗೆ ಒಂದು ತೂತು ಹಾಕು."

ಅಪ್ಪನೇ ಮೊಳೆ ಕಾಸಿದ, ಅಪ್ಪನೇ ತೂತು ಹಾಕಿದ. ಪೈಪು ಸುಂಯ್ಯೆಂದು ಬಿಟ್ಟ ಉಸಿರು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಚಿಲ್ಲನೆ ನೀರು ಚಿಮ್ಮಿ ಅಪ್ಪನ ಮೀಸೆ ತೋಯಿಸಿತು. ಅತ್ತ ಹೊಲದ ತುದಿಯಿಂದ ಅವ್ವನ ದನಿ: "ಬಂತ್ರೀ! ಬಂತು!"

ತೂತಿನ ಮೇಲೆ ಅಪ್ಪ ಹೆಬ್ಬೆರಳು ಒತ್ತಿ ನಿಂತ. ನಾನು ಆಳಂದಕ್ಕೆ ಹೋಗಿ ಗಾಳಿಗೆ ಬಾಗಿಲಾಗುವ ಏರ್ ವಾಲ್ ತರುವ ತನಕ, ಬೇವಿನ ಬೆಣೆ ಹಾಕಿ, ಆಗಾಗ ತೆಗೆದು ಗಾಳಿ ಬಿಟ್ಟು, ಪಪ್ಪಾಯಿಯನ್ನು ಕಾದವನು ಅವನೇ. ತೊಗರಿ ಚೀಲದ ಮಾತು ಮತ್ತೆ ಬರಲಿಲ್ಲ.

ಮೊದಲ ಹಣ್ಣು ಕಟ್ಟಿಕೊಂಡು ಕಾಕಾರನ್ನು ನೋಡಲು ಜೇವರ್ಗಿಗೆ ಹೋದೆ. ಆಮೇಲೆ ಮತ್ತೆ ಭೇಟಿಯಾಗಿಲ್ಲ. ಅವರು ಇನ್ನು ಬದುವಿನ ಮೇಲೆ ನಡೆಯುವ ಹಾಗಿಲ್ಲ. ಮೂರು ತಾಲೂಕಿನ ಪೈಪುಗಳು ಈಗ ಫೋನಿನಲ್ಲೇ ಅವರ ಹತ್ತಿರ ಹೋಗಬೇಕು. ಕಾಕಾ ಹಣ್ಣಿನ ಹೋಳು ಬಾಯಿಗಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಈಗ ನಿಮ್ಮ ಪೈಪು ಹೆಂಗದ? ಮಾಡು."

ತುಂಬಿ ಹರಿಯುವ ಪೈಪಿಗೆ ದನಿಯೇ ಕಡಿಮೆ. ತುಟಿ ಮುಚ್ಚಿ, ಎದೆಯೊಳಗಿಂದ ಒಂದೇ ಸಮನೆ, ಗುಂಯ್ ಎಂದು ಹಿಡಿದೆ. ಗುಳುಗುಳು ಇಲ್ಲ, ಗುದ್ದೂ ಇಲ್ಲ. ಕಾಕಾರ ವಾಲಿದ ಕುತ್ತಿಗೆ ಇನ್ನಷ್ಟು ವಾಲಿತು.

ಒಳಗಿನಿಂದ ಅವರ ಮಗಳು ಕೂಗಿದಳು: "ಯಪ್ಪಾ, ಮೋಟಾರ್ ಯಾರು ಚಾಲೂ ಬಿಟ್ಟೀರಿ? ಬಂದ್ ಮಾಡ್ರಿ!"

ಕಾಕಾ ಕಣ್ಣು ತೆರೆಯಲಿಲ್ಲ. ನಿಲ್ಲಿಸಬೇಡವೆಂದು ನನಗೆ ಕೈ ಮಾಡಿದರು.

"ಇರ್ಲಿ ಬಿಡಬೇ. ನೀರಿನ ಟಾಕಿ ಇನ್ನಾ ತುಂಬಿಲ್ಲ."