ಸದರಿ ಕೈಗಡಿಯಾರದ ಅಸಲಿತನದ ಕುರಿತು

ಈವರೆಗೆ ಕಚೇರಿಯ ಟಿಪ್ಪಣಿ, ಜ್ಞಾಪನಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲವಾದ್ದರಿಂದ, ನನ್ನ ಈ ಮೊದಲ ಬರಹದಲ್ಲಿ ಲೋಪಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕೆಂದು ಮೊದಲಿಗೇ ಕೋರುತ್ತೇನೆ. ನಾನು ಸುರಪುರದ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಸಂಖ್ಯೆ ಕೊಡುವುದು ನನ್ನ ಕೆಲಸ.

ಪ್ರಕರಣದ ಹಿನ್ನೆಲೆ ಹೀಗಿದೆ. ನನ್ನ ತಂದೆಯವರು ಭೀಮರಾಯನಗುಡಿಯಲ್ಲಿ ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದರು. ಹೊತ್ತಿಗೆ ಸರಿಯಾಗಿ ನೀರು ಬಿಡಲು ಕೀಲಿ ಕೊಡುವ ಒಂದು ಕೈಗಡಿಯಾರ ಕಟ್ಟಿಕೊಳ್ಳುತ್ತಿದ್ದರು. ನೌಕರಿಯ ಪರೀಕ್ಷೆಗೆಂದು ನಾನು ಅದನ್ನು ಕೇಳಿ ಪಡೆದು ಯಾದಗಿರಿಗೆ ಹೋದವನು, ರೈಲು ನಿಲ್ದಾಣದ ನಳದಲ್ಲಿ ಮುಖ ತೊಳೆಯುವಾಗ ಬಿಚ್ಚಿಟ್ಟು ಮರೆತು ಬಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಅಂದಿನಿಂದ ಯಾರೇ ವೇಳೆ ಕೇಳಲಿ, ಬರಿದಾದ ಮಣಿಕಟ್ಟನ್ನೊಮ್ಮೆ ನೋಡಿಕೊಂಡು, "ನನ್ನ ಮಗನ್ನ ಕೇಳ್ರಿ. ನನ್ನ ವಾಚು ಯಾದಗಿರ್ಯಾಗ ನೌಕರಿ ಮಾಡಾಕತ್ತದ" ಎನ್ನುತ್ತಿದ್ದರು. ನನಗೆ ನೌಕರಿಯಾಯಿತು, ಮದುವೆಯಾಯಿತು, ತಲೆ ನರೆಯಿತು. ಆ ಮಾತು ಮಾತ್ರ ನಿಲ್ಲಲಿಲ್ಲ.

ಅದೇ ನಮೂನೆಯ ಅಸಲಿ ಗಡಿಯಾರವನ್ನು ತಂದು ಅವರ ಕೈಗೆ ಕಟ್ಟುವುದೊಂದೇ ಪರಿಹಾರವೆಂದು ತೀರ್ಮಾನಿಸಿದೆ. ನಕಲಿಯನ್ನು ತಂದರೆ ಅವರು ಕಿವಿಗೆ ಹಿಡಿದೊಡನೆ ಕಂಡುಹಿಡಿಯುತ್ತಾರೆ. ಆಗ ಒಂದು ಮಾತು ಎರಡಾಗುತ್ತದೆ.

ಕಳೆದ ತಿಂಗಳು ಮೊಬೈಲಿನಲ್ಲಿ ಜಾಹೀರಾತೊಂದನ್ನು ಕಂಡು, ಭಾನುವಾರ ಯಾದಗಿರಿಯ ಚಹಾದ ಹೋಟೆಲೊಂದರಲ್ಲಿ ಮಾರುವವನನ್ನು ಭೇಟಿಯಾದೆ. ಪರಿಶೀಲಿಸತಕ್ಕ ಅಂಶಗಳನ್ನು ಬರೆದುಕೊಂಡೇ ಹೋಗಿದ್ದೆ. ಅದರಂತೆ ಹಿಂಬದಿಯ ಮುಚ್ಚಳ ತೆಗೆಸಿ, ಒಳಗೂ ಹೊರಗೂ ಫೋಟೋ ಹಿಡಿದುಕೊಂಡೆ. ಆದರೆ ನನ್ನ ಪಟ್ಟಿಯಲ್ಲಿ ಮೊದಲನೆಯದು ಕಾಗದಪತ್ರ.

"ಪೆಟ್ಟಿಗಿ ಅದ, ಬಿಲ್ ಅದ, ಗ್ಯಾರಂಟಿ ಕಾರ್ಡ್ ಅದ. ಇನ್ನೇನ್ ಬೇಕ್ರಿ ಸರ?" ಎಂದು ಅವನು ಒಂದೊಂದಾಗಿ ಮೇಜಿನ ಮೇಲಿಟ್ಟ. ಅವುಗಳದ್ದೂ ಫೋಟೋ ಹಿಡಿದುಕೊಂಡೆ.

ನಲವತ್ತು ವರ್ಷ ಹಳೆಯದೆನ್ನಲಾದ ಆ ಕಾರ್ಡಿನ ಮೇಲೆ ಅಂಗಡಿಯ ದುಂಡು ಮೊಹರು. ಮೊಹರಿನಲ್ಲಿ "ಜಿಲ್ಲಾ ಯಾದಗಿರಿ". ನನಗೆ ಸಿಟ್ಟು ನೆತ್ತಿಗೇರಿತು. ಯಾದಗಿರಿ ಜಿಲ್ಲೆಯಾದದ್ದು ನಾನು ನೌಕರಿಗೆ ಸೇರಿದ ಮೇಲೆ. ಅದಕ್ಕೂ ಮುಂಚೆ ನಾವೆಲ್ಲರೂ ಗುಲಬರ್ಗಾ ಜಿಲ್ಲೆಯವರು. ಹೊಸ ಲಕೋಟೆಗಳು ಬರುವ ತನಕ, ಹಳೆಯವುಗಳ ಮೇಲಿನ ಜಿಲ್ಲೆಯ ಹೆಸರನ್ನು ಅಡಿಪಟ್ಟಿ ಇಟ್ಟು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ.

"ಈ ವಾಚು ಹುಟ್ಟಿದಾಗ ಈ ಜಿಲ್ಲಾನೇ ಹುಟ್ಟಿರಲಿಲ್ಲಪಾ!"

"ಅದೊಂದು ಬಿಡ್ರಿ ಸರ. ವಾಚು ಖರೆ ಅದ."

"ಕಾಗದ ಸುಳ್ಳಾದ ಮ್ಯಾಲ ವಾಚು ಹ್ಯಾಂಗ ಖರೆ ಆಗ್ತದ?" ಎಂದು ಎದ್ದುಬಂದೆ. ಅಂದು ನನ್ನ ಜಾಣತನದ ಬಗ್ಗೆ ನನಗೆ ಬಹಳ ಸಮಾಧಾನವಿತ್ತೆಂದು ಒಪ್ಪಿಕೊಳ್ಳತಕ್ಕದ್ದು.

ಮರಳುವಾಗ ಶಹಾಪುರದಲ್ಲಿ ಇಳಿದೆ. ತಂದೆಯವರ ಗಡಿಯಾರವನ್ನು ಹಿಂದೆ ರಿಪೇರಿ ಮಾಡುತ್ತಿದ್ದ ಚಾಚಾ ಇನ್ನೂ ಅಂಗಡಿ ತೆರೆಯುತ್ತಾರೆ. ಫೋಟೋಗಳನ್ನು ತೋರಿಸಿ, "ಚಾಚಾ, ಇದು ನಕಲಿ ಅಲ್ಲೇನ್ರಿ?" ಎಂದೆ.

ಅವರು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಕಾರ್ಡ್ ನಕಲಿ."

"ವಾಚು?"

"ಮುಳ್ಳಿನ ಮ್ಯಾಲ ಕತ್ತಲ್ಯಾಗ ಹೊಳಿಯೋ ಹಸಿರು ನೋಡ್ರಿ, ಅಂಕಿ ಬಾಜೂ ಚುಕ್ಕಿ ನೋಡ್ರಿ. ಎರಡೂ ಒಂದೇ ಥರ ಕಂದ್ಯಾವ. ಬಣ್ಣ ಹೊಡಿಸಿದ್ದಾದ್ರ ಒಂದು ಹೊಸದು, ಒಂದು ಹಳೇದು ಕಾಣ್ತಿತ್ತು. ಒಳಗ ಮಷೀನ್ ಕೇಸಿಗೆ ಸರಿ ಕುಂತದ, ಸಂದಿ ತುಂಬಾಕ ಪ್ಲಾಸ್ಟಿಕ್ ಉಂಗುರ ತುರುಕಿಲ್ಲ. ಬಿಲ್‌ಕುಲ್ ಅಸಲಿ."

"ಹಂಗಾದ್ರ ಸುಳ್ಳು ಕಾರ್ಡ್ ಯಾಕ ಮಾಡ್ಯಾನ?"

"ನಿಮ್ಮಂಥೋರು ಕೇಳ್ತಾರಲ್ರಿ ಸಾಹೇಬ್ರ, ಅದಕ್ಕ."

ಆ ವಾರವಿಡೀ ಟಪಾಲಿನ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. ಗಡಿಯಾರ ಬೇರೆಯವರ ಪಾಲಾದೀತೆಂಬ ಭಯ. ಫೋನಿನಲ್ಲಿ ಕೇಳಲು ಮರ್ಯಾದೆ ಅಡ್ಡ ಬಂತು. ಮುಂದಿನ ಭಾನುವಾರ, ಮಾರುವವನು ವಾರವಾರವೂ ಕೂರುವ ಅದೇ ಹೋಟೆಲಿಗೆ ಹೋದರೆ ಅವನು ದೂರದಿಂದಲೇ ನಕ್ಕ.

"ಬರ್ರಿ ಸರ, ನೀವು ಹೇಳಿದ ಹಂಗ ತಿದ್ದಿಸೀನಿ!"

ಹೊಸ ಕಾರ್ಡು. ಚಹಾದ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ್ದ; ಮೊಹರಿನಲ್ಲಿ ಈಗ "ಜಿಲ್ಲಾ ಗುಲಬರ್ಗಾ". ನನ್ನ ಆಕ್ಷೇಪಣೆಯ ದೆಸೆಯಿಂದ ಆ ಸುಳ್ಳು ಸಂಪೂರ್ಣ ಲೋಪರಹಿತವಾಗಿತ್ತು! ಇನ್ನೊಬ್ಬರು ಮೋಸಹೋಗಬಾರದೆಂದು ಅವನೆದುರಿಗೇ ಅದನ್ನು ನಾಲ್ಕು ತುಂಡು ಮಾಡಿದೆ.

"ಕಾಗದಕ್ಕಂತ ಜಗಳಾಡಿದೋರು ನೀವು, ಹರಿಯೋರೂ ನೀವೇನ್ರಿ?" ಎಂದು ಅವನು ಬೇಸರಪಟ್ಟುಕೊಂಡ. ನಾನು ದುಡ್ಡು ಎಣಿಸಿಕೊಟ್ಟು ಗಡಿಯಾರವನ್ನು ಕೊಂಡು ಬಂದೆ.

ಮನೆಯಲ್ಲಿ ತಂದೆಯವರು ಅದಕ್ಕೆ ಕೀಲಿ ಕೊಟ್ಟು ಕಿವಿಗೆ ಹಿಡಿದರು. ನಾನು ನಿಂತೇ ಇದ್ದೆ.

"ಇದು ನಂದಲ್ಲ."

"ಅಲ್ಲಪ್ಪ. ಅದೇ ನಮೂನಿ. ಅಸಲಿ ಅದ."

"ಅದು ಸದ್ದಿನ್ಯಾಗೇ ತಿಳೀತದ." ಕಟ್ಟಿಕೊಂಡು, ಕೈ ತಿರುಗಿಸಿ ನೋಡಿ ಕೇಳಿದರು: "ಗ್ಯಾರಂಟಿ ಕಾರ್ಡ್ ಎಲ್ಲಿ?"

"ಹರಿದು ಹಾಕಿದೆ."

ಕಾರಣ ವಿವರಿಸಲು ಹೊರಟೆ. ಜಿಲ್ಲೆ, ಮೊಹರು, ಚಹಾದ ನೀರು ಎಂದು ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಕಟ್ಟೆಯ ಬಳಿ ವೇಳೆ ಕೇಳಿದರು. ತಂದೆಯವರು ಅಂಗಿಯ ತೋಳು ಮೇಲೆ ಸರಿಸಿ, ಗಡಿಯಾರ ನೋಡಿ, "ಎಂಟೂ ಹತ್ತು" ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಹೆಸರೆತ್ತದೆ ವೇಳೆ ಹೇಳಿದ್ದರು. ಬಾಗಿಲ ಹಿಂದೆ ನಿಂತಿದ್ದ ನಾನು ಉಸಿರು ಬಿಡುವಷ್ಟರಲ್ಲಿ ಅವರ ದನಿ ಮತ್ತೆ ಕೇಳಿತು:

"ವಾಚೇನೋ ಅಸಲಿ ಅದರಿ. ಇದರ ಕಾಗದ ಮಾತ್ರ ನನ್ನ ಮಗ ಹರದಾನ."